ದಂಡೆ ಕುಸಿಯುವ ಮೊದಲು: ಮಾಂಜ್ರಾ ತೀರದ ಹಾಳೂರುಗಳ ಕುರಿತು ಒಂದು ಬಹಿರಂಗ ಪತ್ರ

ಭಾಲ್ಕಿ, ಔರಾದ್ ಮತ್ತು ಕಮಲನಗರ ತಾಲ್ಲೂಕುಗಳ ನದಿ ದಂಡೆಯ ಗ್ರಾಮ ಪಂಚಾಯಿತಿಗಳ ಅಧ್ಯಕ್ಷರಿಗೆ, ಸದಸ್ಯರಿಗೆ ಹಾಗೂ ಗ್ರಾಮಸಭೆಯ ಸಮಸ್ತರಿಗೆ.



ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಬಾಲಾಘಾಟ್ ಬೆಟ್ಟಗಳಲ್ಲಿ ಹುಟ್ಟಿ, ಲಾತೂರ್ ಸೀಮೆಯನ್ನು ಹಾದು ಬೀದರ್ ಜಿಲ್ಲೆಯೊಳಗೆ ಬರುವ ಮಾಂಜ್ರಾ ನದಿ ಸುಮಾರು 724 ಕಿಲೋಮೀಟರ್ ಹರಿದು ತೆಲಂಗಾಣದ ಕಂದಕುರ್ತಿಯ ಬಳಿ ಗೋದಾವರಿಯನ್ನು ಸೇರುತ್ತದೆ. ಈ ಹರಿವಿನ ಎರಡೂ ಮಗ್ಗುಲಲ್ಲಿ ಇಂದಿನ ಊರುಗಳಿಗಿಂತ ಹಳೆಯ ಊರುಗಳ ದಿಬ್ಬಗಳಿವೆ. ಹಾಳೂರು, ಹಾಳ ದಿಬ್ಬ, ಹಳೇ ಗಾವಠಾಣ, ಗಢಿ ಎಂದು ಒಂದೊಂದು ಊರಿನಲ್ಲಿ ಒಂದೊಂದು ಹೆಸರಿನಿಂದ ಕರೆಯಲಾಗುವ ಈ ದಿಬ್ಬಗಳ ಮೇಲೆ ಒಂದು ಹನುಮಂತನ ಕಟ್ಟೆಯೋ, ತಲೆ ಇಲ್ಲದ ನಂದಿಯೋ, ಅರ್ಧ ಹೂತ ವೀರಗಲ್ಲೋ, ಹಸಿರು ಚಾದರ ಹೊದಿಸಿದ ಗೋರಿಯೋ ಇರುವುದು ವಾಡಿಕೆ. ಸುತ್ತಲಿನ ನೆಲವೆಲ್ಲ ಎರೆ ಮಣ್ಣಾಗಿ ಕಪ್ಪಗಿದ್ದರೆ ದಿಬ್ಬ ಮಾತ್ರ ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಮಳೆಗಾಲದಲ್ಲಿ ನದಿ ಈ ದಿಬ್ಬಗಳ ಅಂಚನ್ನು ಕೊರೆಯುತ್ತದೆ, ಬೇಸಿಗೆಯಲ್ಲಿ ಟ್ರ್ಯಾಕ್ಟರುಗಳು ಬಂದು ಉಳಿದದ್ದನ್ನು ಒಯ್ಯುತ್ತವೆ. ದಿಬ್ಬಗಳು ಪೂರ್ತಿ ಇಲ್ಲವಾಗುವ ಮೊದಲು ಅವುಗಳ ದಾಖಲೆ ಆಗಬೇಕು, ಆ ಕೆಲಸವನ್ನು ಬೇರೆ ಯಾರಿಗಿಂತ ಮೊದಲು ದಂಡೆಯ ಊರಿನವರೇ ಆರಂಭಿಸಬೇಕು ಎಂಬುದು ಈ ಪತ್ರದ ಒಟ್ಟು ಕೋರಿಕೆ.

ದಿಬ್ಬದ ಬಣ್ಣ ಬೇರೆಯಾಗಿರುವುದಕ್ಕೆ ಕಾರಣವಿದೆ. ಮನುಷ್ಯರು ಒಂದೇ ಜಾಗದಲ್ಲಿ ನೂರಾರು ವರ್ಷ ಬಾಳಿದಾಗ ಒಲೆಯ ಬೂದಿ, ದನಕರುಗಳ ಸಗಣಿ, ಕುಸಿದ ಮಣ್ಣಿನ ಗೋಡೆ, ಮುರಿದ ಮಡಕೆ, ತಿಂದೆಸೆದ ಎಲುಬು ಎಲ್ಲವೂ ಅಲ್ಲಿಯೇ ಸೇರಿ, ಹಳೆಯ ಮನೆಯ ಮೇಲೆ ಹೊಸ ಮನೆ ಎದ್ದು, ನೆಲ ನಿಧಾನವಾಗಿ ಮೇಲೇರುತ್ತ ಹೋಗುತ್ತದೆ. ಹೀಗೆ ಒಂದರ ಮೇಲೊಂದು ಕೂತ ಮಣ್ಣಿನ ಪದರುಗಳನ್ನು ಪುರಾತತ್ವಜ್ಞರು ಸ್ತರಗಳೆಂದು ಕರೆಯುತ್ತಾರೆ. ನದಿ ದಂಡೆಯನ್ನು ನೇರವಾಗಿ ಕಡಿದ ಕಡೆ ಈ ಸ್ತರಗಳು ಗೋಡೆಯ ಮೇಲೆ ಗೆರೆ ಎಳೆದ ಹಾಗೆ ಹೊರಗೆ ಕಾಣುತ್ತವೆ. ಮೇಲುಭಾಗದಲ್ಲಿ ಗಾಜಿನ ಬಳೆಯ ಚೂರು, ಹೊಳಪು ಬಳಿದ ಬಣ್ಣದ ಪಿಂಗಾಣಿ. ಅದರ ಕೆಳಗೆ ಗಚ್ಚಿನ ನೆಲದ ಒಂದು ತೆಳು ಬಿಳಿ ಪಟ್ಟಿ. ಇನ್ನೂ ಕೆಳಗೆ ಸುಟ್ಟು ಕೆಂಪಾದ ಮಣ್ಣು, ಇದ್ದಿಲು, ಶಂಖದ ಬಳೆಯ ತುಂಡು. ತಳದಲ್ಲಿ ಒಳಗೆ ಕಪ್ಪು ಹೊರಗೆ ಕೆಂಪು ಇರುವ ಮಡಕೆಯ ಚೂರುಗಳು ಸಿಗುವುದುಂಟು. ದಖ್ಖನಿನಲ್ಲಿ ಈ ಕಪ್ಪು-ಕೆಂಪು ಮಡಕೆ ಕಬ್ಬಿಣ ಯುಗಕ್ಕೂ ಅದರ ನಂತರದ ಶಾತವಾಹನರ ಕಾಲದ ಆರಂಭಕ್ಕೂ ಸಾಕ್ಷಿ. ಇಂದಿನ ಇಟ್ಟಿಗೆಗಿಂತ ಬಹಳ ದೊಡ್ಡದಾದ, ಹೊಟ್ಟು ಬೆರೆಸಿ ಸುಟ್ಟ ಇಟ್ಟಿಗೆಯೊಂದು ದಂಡೆಯಲ್ಲಿ ಕಂಡರೆ ಅದೂ ಅಷ್ಟೇ ಹಳೆಯದಿರುವ ಸಾಧ್ಯತೆಯಿದೆ. ಇವುಗಳಲ್ಲಿ ಯಾವುದಕ್ಕೂ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ. ಯಾವ ಚೂರು ಯಾವ ಪದರಿನಲ್ಲಿ, ಯಾವುದರ ಪಕ್ಕದಲ್ಲಿ ಇತ್ತು ಎಂಬ ಸಂಬಂಧದಲ್ಲಿಯೇ ಅವುಗಳ ಅರ್ಥವೆಲ್ಲ ಇರುವುದರಿಂದ, ದಂಡೆ ಕುಸಿದು ಚೂರುಗಳು ಹೊಳೆಯ ಮರಳಿಗೆ ಬಿದ್ದ ಕೂಡಲೇ ವಸ್ತು ಉಳಿದರೂ ಚರಿತ್ರೆ ಹೋಗುತ್ತದೆ.

ದಂಡೆ ಕುಸಿಯುವ ಬಗೆಯನ್ನು ತಾವು ಕಣ್ಣಾರೆ ಕಂಡವರು. ಎರೆ ಮಣ್ಣು ಬೇಸಿಗೆಯಲ್ಲಿ ಆಳವಾಗಿ ಬಿರಿಯುತ್ತದೆ, ಮೊದಲ ದೊಡ್ಡ ಮಳೆಯ ನೀರು ಆ ಬಿರುಕುಗಳ ಮೂಲಕ ಒಳಕ್ಕೆ ಇಳಿದು ಮಣ್ಣಿನ ಭಾರವನ್ನು ಹೆಚ್ಚಿಸುತ್ತದೆ, ಅದೇ ವೇಳೆಗೆ ತುಂಬಿ ಬಂದ ಹೊಳೆ ದಂಡೆಯ ಬುಡವನ್ನು ಕೊರೆದಿರುತ್ತದೆ. ಆದರೆ ದೊಡ್ಡ ಕುಸಿತ ಆಗುವುದು ಹೆಚ್ಚಾಗಿ ನೆರೆ ಏರುವಾಗ ಅಲ್ಲ, ಇಳಿಯುವಾಗ. ಮೇಲಿನ ಧನೇಗಾಂವ್ ಜಲಾಶಯದ ಗೇಟುಗಳನ್ನು ತೆರೆದು ಮುಚ್ಚಿದ ಮೇಲೆ ಹೊಳೆಯ ಮಟ್ಟ ಬೇಗನೆ ತಗ್ಗುತ್ತದೆ, ದಂಡೆಯೊಳಗೆ ನೆನೆದ ನೀರು ಮಾತ್ರ ಅಷ್ಟು ಬೇಗ ಹೊರಬರುವುದಿಲ್ಲ, ಹೊರಗಿನಿಂದ ಆನಿಸಿಕೊಂಡಿದ್ದ ನೀರಿನ ಒತ್ತು ತಪ್ಪಿದ ಆ ತೋಯ್ದ ಮಣ್ಣು ಹೆಂಟೆ ಹೆಂಟೆಯಾಗಿ ಕಳಚಿ ಬೀಳುತ್ತದೆ. ಹೊಳೆಯ ಮರಳನ್ನು ಮಿತಿಮೀರಿ ಎತ್ತಿದ ಕಡೆ ಪಾತ್ರ ಆಳವಾಗಿ ಈ ಕುಸಿತ ಮತ್ತಷ್ಟು ಹೆಚ್ಚುತ್ತದೆ. 2025ರ ಮಳೆಗಾಲದಲ್ಲಿ ಮಾಂಜ್ರಾ ಉಕ್ಕಿ ಭಾಲ್ಕಿ, ಔರಾದ್, ಕಮಲನಗರ ಭಾಗಗಳ ಸೋಯಾ, ತೊಗರಿ ಹೊಲಗಳನ್ನು ಮುಳುಗಿಸಿದಾಗ ಬೆಳೆಹಾನಿಯ ಸಮೀಕ್ಷೆ ನಡೆಯಿತು, ಅದು ನಡೆಯಬೇಕಾದದ್ದೇ. ಅದೇ ನೆರೆಯಲ್ಲಿ ದಿಬ್ಬಗಳು ಎಷ್ಟು ಮೊಳ ಹಿಂದೆ ಸರಿದವು ಎಂಬುದನ್ನು ಬರೆದಿಡುವ ಕಾಲಂ ಮಾತ್ರ ಯಾವ ನಮೂನೆಯಲ್ಲಿಯೂ ಇರಲಿಲ್ಲ.

ಇಂಥ ದಿಬ್ಬಗಳಲ್ಲಿ ಏನಿರಬಹುದು ಎಂಬುದಕ್ಕೆ ದೂರದ ಉದಾಹರಣೆ ಬೇಕಿಲ್ಲ. ಗಡಿಯ ಬಳಿ ಮಾಂಜ್ರಾಕ್ಕೆ ಬಂದು ಸೇರುವ ತೇರಣಾ ನದಿಯ ಮೇಲ್ಭಾಗದಲ್ಲಿ, ಇಂದಿನ ಧಾರಾಶಿವ ಜಿಲ್ಲೆಯಲ್ಲಿ ತೇರ್ ಎಂಬ ಊರಿದೆ. ಕ್ರಿಸ್ತಶಕ 1ನೇ ಶತಮಾನದಲ್ಲಿ ಗ್ರೀಕ್ ವರ್ತಕನೊಬ್ಬ ಬರೆದ ‘ಪೆರಿಪ್ಲಸ್’ ಎಂಬ ಸಮುದ್ರಯಾನದ ಕೈಪಿಡಿಯಲ್ಲಿ ಹೆಸರಿಸಿರುವ ತಗರ ಪಟ್ಟಣ ಇದೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಇಲ್ಲಿಂದ ಬಂಡಿಗಳಲ್ಲಿ ಹೊರಟ ಬಟ್ಟೆ ಭರೂಚ್ ಬಂದರನ್ನು ಮುಟ್ಟಿ ಅಲ್ಲಿಂದ ಕಡಲಾಚೆಗೆ ಹೋಗುತ್ತಿತ್ತು ಎಂದು ಆ ಕೈಪಿಡಿ ಹೇಳುತ್ತದೆ. ಮುಂದೆ ಶಿಲಾಹಾರ ಅರಸರು ತಮ್ಮನ್ನು ತಗರಪುರವರಾಧೀಶ್ವರರೆಂದು ಶಾಸನಗಳಲ್ಲಿ ಹೆಮ್ಮೆಯಿಂದ ಕರೆದುಕೊಂಡರು. ಆ ಊರಿನ ತ್ರಿವಿಕ್ರಮ ದೇವಾಲಯ ಮೂಲತಃ ಇಟ್ಟಿಗೆಯ ಒಂದು ಚೈತ್ಯ, ಅಂದರೆ ಬೌದ್ಧರ ಪ್ರಾರ್ಥನಾ ಮಂದಿರ. ಅದರ ಹಿಂಭಾಗ ಅರ್ಧವೃತ್ತವಾಗಿ ದುಂಡಾಗಿದ್ದು ಮೇಲ್ಛಾವಣಿ ಆನೆಯ ಬೆನ್ನಿನಂತೆ ಬಾಗಿರುವುದರಿಂದ ಅದನ್ನು ಗಜಪೃಷ್ಠ ವಿನ್ಯಾಸ ಎನ್ನುತ್ತಾರೆ. ಬೌದ್ಧರ ಚೈತ್ಯ ವೈಷ್ಣವ ಗುಡಿಯಾಗಿ ಇಂದಿಗೂ ಪೂಜೆಗೊಳ್ಳುತ್ತಿರುವುದರಿಂದಲೇ ಅಷ್ಟು ಹಳೆಯ ಇಟ್ಟಿಗೆ ಕಟ್ಟಡ ನಿಂತಿದೆ.

ತೇರಿನಲ್ಲಿ 1957–58ರಲ್ಲಿ ಬಿ. ಎನ್. ಚಾಪೇಕರ್ ಉತ್ಖನನ ನಡೆಸಿದರು. ಆದರೆ ಆ ಊರಿನ ಹೆಸರು ಉಳಿದದ್ದು ಅದೊಂದರಿಂದಲ್ಲ. ಅದೇ ಊರಿನ ರಾಮಲಿಂಗಪ್ಪ ಲಾಮತುರೆ ಅವರು ಮಳೆ ಬಿದ್ದಾಗ ದಿಬ್ಬದ ಮೇಲೆ ತೇಲಿ ಬಂದ ಮಣಿ, ಮಣ್ಣಿನ ಬೊಂಬೆ, ನಾಣ್ಯ, ಶಂಖದ ವಸ್ತುಗಳನ್ನು ದಶಕಗಳ ಕಾಲ ಕೂಡಿಟ್ಟರು. ಇಪ್ಪತ್ತು ಸಾವಿರಕ್ಕೂ ಮಿಕ್ಕಿದ ಆ ಸಂಗ್ರಹವೇ ಇಂದು ಅವರ ಹೆಸರಿನ ಸರ್ಕಾರಿ ವಸ್ತುಸಂಗ್ರಹಾಲಯವಾಗಿದೆ. ಅಲ್ಲಿ ಸಿಕ್ಕ ದಂತದ ಸ್ತ್ರೀಮೂರ್ತಿ, ಇಟಲಿಯಲ್ಲಿ ಕ್ರಿಸ್ತಶಕ 79ರ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿ 1938ರಲ್ಲಿ ಪಾಂಪೆಯಲ್ಲಿ ದೊರೆತ ಭಾರತೀಯ ದಂತಮೂರ್ತಿಗೆ ತೀರ ಹತ್ತಿರದ ಹೋಲಿಕೆಯುಳ್ಳದ್ದು. ಒಬ್ಬ ಗ್ರಾಮಸ್ಥರ ಶ್ರದ್ಧೆ ಇಲ್ಲದಿದ್ದರೆ ಇದರಲ್ಲಿ ಬಹುಪಾಲು ತೇರಣಾದ ಮೂಲಕ ಮಾಂಜ್ರಾಕ್ಕೂ, ಮಾಂಜ್ರಾದ ಮೂಲಕ ಗೋದಾವರಿಗೂ ಹೋಗಿರುತ್ತಿತ್ತು. ಮಾಂಜ್ರಾ ಕಣಿವೆಯ ಲಾತೂರ್ ಭಾಗದಲ್ಲಿ, ಹಾರವಾಡಿಯ ಬಳಿಯ ದಂಡೆಯ ಜಲ್ಲಿ ಪದರುಗಳಿಂದ ಹಿಮಯುಗದ ಕಾಲದ ನೀರಾನೆಯ ಪಳೆಯುಳಿಕೆಗಳೂ ಹೊರಬಂದಿವೆ ಎಂಬುದನ್ನು ಸೇರಿಸಿದರೆ, ನದಿ ಕೊರೆಯುತ್ತಿರುವುದು ಎಷ್ಟು ಆಳದ ಕಾಲವನ್ನು ಎಂಬುದು ತಿಳಿಯುತ್ತದೆ.

ದಂಡೆಯ ದಿಬ್ಬಗಳು ಕಂಡ ಅನಾದರ ಬೀದರ್ ನಗರಕ್ಕೆ ಅಷ್ಟಾಗಿ ತಟ್ಟಲಿಲ್ಲ. 1914ರಲ್ಲಿ ಸ್ಥಾಪನೆಯಾದ ನಿಜಾಮ್ ಸಂಸ್ಥಾನದ ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಗುಲಾಂ ಯಜ್ದಾನಿ ಅವರು ಕೋಟೆಯನ್ನೂ, 1472ರ ಮಹಮೂದ್ ಗಾವಾನ್ ಮದರಸಾವನ್ನೂ, ಅಷ್ಟೂರಿನ ಬಹಮನಿ ಗುಮ್ಮಟಗಳನ್ನೂ ಅಳೆದು, ಚಿತ್ರಿಸಿ, 1947ರಲ್ಲಿ ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು. ನೌಬಾದಿನ ಕರೇಜ್, ಅಂದರೆ ಜಂಬಿಟ್ಟಿಗೆಯ ನೆಲದಡಿಯಲ್ಲಿ ಕೊರೆದು ಬಾವಿಗಳ ಸಾಲಿನಿಂದ ಗಾಳಿ ಬೆಳಕು ಕೊಟ್ಟ ನೀರಿನ ಸುರಂಗ, ಇತ್ತೀಚಿನ ವರ್ಷಗಳಲ್ಲಿ ಸಮೀಕ್ಷೆಗೊಂಡು ಅದರ ಹೂಳನ್ನೂ ತೆಗೆಯಲಾಯಿತು. ಸುಲ್ತಾನರ ಕಟ್ಟಡಗಳು ಕಲ್ಲಿನವು, ಎತ್ತರದವು, ಕಣ್ಣಿಗೆ ಬೀಳುವಂಥವು. ನದಿ ದಂಡೆಯ ಕುಂಬಾರ, ನೇಕಾರ, ಒಕ್ಕಲಿಗರು ಬಿಟ್ಟುಹೋದದ್ದು ಮಣ್ಣು. ರಾಜಧಾನಿಗೆ ಧಾನ್ಯ, ಬಟ್ಟೆ, ಎಣ್ಣೆ ಒದಗಿಸಿದ ಹಳ್ಳಿಗಳ ಚರಿತ್ರೆ ಗುಮ್ಮಟಗಳಲ್ಲಿ ಸಿಗುವುದಿಲ್ಲ, ದಿಬ್ಬಗಳಲ್ಲಿ ಮಾತ್ರ ಸಿಗುತ್ತದೆ. ಎರಡರಲ್ಲಿ ಒಂದನ್ನಷ್ಟೇ ಕಾಯ್ದುಕೊಂಡರೆ ಉಳಿಯುವುದು ಅರ್ಧ ಚರಿತ್ರೆ.

ಆಡಳಿತದ ಗಡಿಯೂ ಈ ಮರೆವಿಗೆ ನೆರವಾಗಿದೆ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಹಳೆಯ ಬೀದರ್ ಜಿಲ್ಲೆಯ ಉದಗೀರ್, ನಿಲಂಗಾ, ಅಹಮದಪುರ ಈಗಿನ ಮಹಾರಾಷ್ಟ್ರದ ಕಡೆಗೆ, ಜಹೀರಾಬಾದ್, ನಾರಾಯಣಖೇಡ ಈಗಿನ ತೆಲಂಗಾಣದ ಕಡೆಗೆ ಹೋಗಿ, ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್, ಕಲ್ಯಾಣಗಳು ಮೈಸೂರು ರಾಜ್ಯಕ್ಕೆ ಬಂದವು. ಅದರಿಂದ ಒಂದೇ ನದಿಯ ಒಂದೇ ನಾಗರಿಕತೆಯ ಕುರುಹುಗಳು ಮೂರು ರಾಜ್ಯಗಳ ಮೂರು ಇಲಾಖೆಗಳ ಕಡತಗಳಲ್ಲಿ ಹಂಚಿಹೋದವು. ಹೈದರಾಬಾದ್ ಸಂಸ್ಥಾನದ ಕನ್ನಡ ಜಿಲ್ಲೆಗಳ ಶಾಸನಗಳನ್ನು ಪಿ. ಬಿ. ದೇಸಾಯಿ ಅವರು ಸಂಪಾದಿಸಿ 1958ರಲ್ಲಿ ಪ್ರಕಟಿಸಿದ್ದು ಆ ಹೊತ್ತಿನ ದೊಡ್ಡ ಉಪಕಾರ. ಆದರೆ ಶಾಸನವಿಲ್ಲದ ದಿಬ್ಬಕ್ಕೆ ಅಂಥ ಸಂಪುಟದಲ್ಲಿ ಜಾಗವಿರುವುದಿಲ್ಲ.

ದಿಬ್ಬದ ಮೇಲಿನ ಗುಡಿಗಳ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಕಲಬುರಗಿ ಜಿಲ್ಲೆಯ ಭೀಮಾ ದಂಡೆಯ ಸನ್ನತಿಯಲ್ಲಿ, ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿ ಗುಡಿ 1986ರಲ್ಲಿ ಕುಸಿದಾಗ, ಮೂರ್ತಿಯ ಪೀಠವಾಗಿ ಬಳಕೆಯಾಗಿದ್ದ ಕಲ್ಲುಚಪ್ಪಡಿಯ ಮೇಲೆ ಅಶೋಕನ ಶಾಸನಗಳು ಕಂಡವು. ಎಷ್ಟೋ ಶತಮಾನ ಜನ ಕೈಮುಗಿದ ಪೀಠವೇ ಶಾಸನವಾಗಿತ್ತು. ಅದರ ಹತ್ತಿರದ ಕನಗನಹಳ್ಳಿಯ ದಿಬ್ಬದಲ್ಲಿ 1990ರ ದಶಕದ ನಡುವಿನಿಂದ ನಡೆದ ಉತ್ಖನನದಲ್ಲಿ ಮಹಾಸ್ತೂಪವೂ, ‘ರಾಯಾ ಅಸೋಕೋ’ ಎಂಬ ಹೆಸರು ಕೆತ್ತಿದ ಅಶೋಕನ ಶಿಲ್ಪವೂ ಹೊರಬಂದು ಜಗತ್ತಿನ ಗಮನ ಸೆಳೆದವು. ದಿಬ್ಬದ ಮೇಲಿನ ಹಳೆಯ ಗುಡಿಯನ್ನು ಜೀರ್ಣೋದ್ಧಾರದ ಹೆಸರಿನಲ್ಲಿ ಜೆಸಿಬಿಯಿಂದ ಕೆಡವಿ ಕಾಂಕ್ರೀಟ್ ಮಂಟಪ ಕಟ್ಟುವ ಮೊದಲು, ಮುರಿದ ಮೂರ್ತಿ ಪೂಜೆಗೆ ಸಲ್ಲದೆಂದು ಹೊಳೆಗೆ ಬಿಡುವ ಮೊದಲು, ಶಾಸನದ ಕಲ್ಲಿಗೆ ಆಯಿಲ್ ಪೇಂಟ್ ಬಳಿಯುವ ಮೊದಲು ಸನ್ನತಿಯನ್ನು ನೆನೆಯಬೇಕೆಂದು ತಮ್ಮಲ್ಲಿ ಕಳಕಳಿಯ ಪ್ರಾರ್ಥನೆ. ಹೊಳೆಗೆ ಬಿಟ್ಟ ಕಲ್ಲು ಮತ್ತೆ ಸಿಗುವುದಿಲ್ಲ. ಪೂಜೆ ನಿಲ್ಲಿಸಬೇಕೆಂದು ಯಾರೂ ಕೇಳುತ್ತಿಲ್ಲ. ಮುರಿದ ಮೂರ್ತಿಯನ್ನು ಗುಡಿಯ ಹಿಂದಿನ ಕಟ್ಟೆಯ ಮೇಲೆ ನೆರಳಿನಲ್ಲಿ ಇಟ್ಟರೆ ಸಾಕು. ಗೋರಿ, ದರ್ಗಾ, ಮೊಹರಂನ ಆಲಾವ ಕಟ್ಟೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾ ವಲಿಯ ಉರುಸಿಗೆ ಎಲ್ಲ ಮತದವರೂ ಕೂಡಿ ಬರುವ ಜಿಲ್ಲೆಯಲ್ಲಿ ದಿಬ್ಬದ ಮೇಲಿನ ಗುರುತು ಯಾವ ಮತದ್ದು ಎಂದು ಕೇಳಿ ದಾಖಲೆಗೆ ಇಳಿಯುವುದು ಶೋಭಿಸದು.

ಕುಸಿಯುವ ದಂಡೆಯ ಸಮಸ್ಯೆ ಬೀದರಿಗಷ್ಟೇ ಸೇರಿದ್ದಲ್ಲ. ಇಂಗ್ಲೆಂಡಿನ ಪೂರ್ವ ಕರಾವಳಿಯ ಡನ್‌ವಿಚ್ ಎಂಬ ಮಧ್ಯಯುಗದ ಬಂದರು ಪಟ್ಟಣವನ್ನು ಸಮುದ್ರ ಶತಮಾನಗಳ ಕಾಲ ತಿನ್ನುತ್ತ ಬಂದು, ಕೊನೆಗೆ 20ನೇ ಶತಮಾನದ ಮೊದಲ ದಶಕಗಳಲ್ಲಿ ಅದರ ಆಲ್ ಸೇಂಟ್ಸ್ ಚರ್ಚು ಭಾಗಭಾಗವಾಗಿ ಕಡಲಿಗೆ ಉರುಳಿತು. ಸ್ಕಾಟ್ಲೆಂಡಿನ ಉತ್ತರದ ಆರ್ಕ್ನಿ ದ್ವೀಪಗಳಲ್ಲಿ 1850ರ ಬಿರುಗಾಳಿ ಮರಳ ದಿಬ್ಬವನ್ನು ಬಗೆದಾಗ ಸ್ಕಾರಾ ಬ್ರೇ ಎಂಬ ಐದು ಸಾವಿರ ವರ್ಷಗಳ ಹಿಂದಿನ ಊರು ಕಲ್ಲಿನ ಮಂಚ, ಕಪಾಟುಗಳ ಸಮೇತ ಹೊರಗೆ ಬಂತು. ಸ್ಕಾಟ್ಲೆಂಡಿನವರು ತಮ್ಮ ಕಡಲತೀರದ ಎಲ್ಲ ನೆಲೆಗಳಿಗೂ ಗೋಡೆ ಕಟ್ಟಲಾಗದೆಂದು ಒಪ್ಪಿಕೊಂಡು ತೀರದ ಊರವರಿಗೇ ದಾಖಲೆಯ ತರಬೇತಿ ಕೊಟ್ಟರು. ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದ ಜೊತೆಗೂಡಿದ ‘ಸ್ಕೇಪ್’ ಸಂಸ್ಥೆಯ ಸ್ವಯಂಸೇವಕರು ನೆಲೆಗಳನ್ನು ನೋಡಿ, ಅಳೆದು, ಯಾವುದು ಮೊದಲು ಹೋಗುತ್ತದೆ ಎಂಬ ಪಟ್ಟಿ ಮಾಡಿದರು. ಭಾರತದಲ್ಲಿಯೂ ನಾಗಾರ್ಜುನಸಾಗರದ ನೀರು ನಿಲ್ಲುವ ಮೊದಲು, 1954ರಿಂದ 1960ರ ವರೆಗೆ, ನಾಗಾರ್ಜುನಕೊಂಡದ ಇಡೀ ಕಣಿವೆಯನ್ನು ಅಗೆದು ದಾಖಲಿಸಲಾಗಿತ್ತು. ನೆಲೆ ನಾಶವಾಗುವುದು ಖಚಿತವಾದಾಗ ಅದಕ್ಕೆ ಮೊದಲೇ ನಡೆಸುವ ಇಂಥ ಕೆಲಸಕ್ಕೆ ರಕ್ಷಣಾ ಉತ್ಖನನ ಎಂದು ಹೆಸರು.

ಮಾಂಜ್ರಾ ದಂಡೆಯಲ್ಲಿ ಉತ್ಖನನ ಮೊದಲ ಹೆಜ್ಜೆಯಲ್ಲ. ಅನುಮತಿಯಿಲ್ಲದ ಅಗೆತ ಕಾನೂನಿಗೆ ವಿರುದ್ಧ, ಅದಕ್ಕಿಂತ ಮಿಗಿಲಾಗಿ ಅದು ನದಿ ಮಾಡುವ ಹಾನಿಯನ್ನೇ ಕೈಯಾರೆ ಮಾಡಿದಂತೆ. ಮೊದಲು ಆಗಬೇಕಾದದ್ದು ಮೇಲ್ಮೈ ಸಮೀಕ್ಷೆ, ಅಂದರೆ ಏನನ್ನೂ ಅಗೆಯದೆ ನೆಲದ ಮೇಲೆ ಮತ್ತು ದಂಡೆಯ ಕಡಿತದಲ್ಲಿ ಕಾಣುವುದನ್ನು ಇದ್ದ ಹಾಗೆಯೇ ಬರೆದುಕೊಳ್ಳುವುದು. ದಂಡೆಯ ಅಂಚಿನಿಂದ ಸಾಕಷ್ಟು ಒಳಗೆ, ಉಳುಮೆಗೆ ಅಡ್ಡಿಯಾಗದ ಕಡೆ, ಒಂದು ಕಬ್ಬಿಣದ ಗೂಟವನ್ನು ಗಟ್ಟಿಯಾಗಿ ನೆಟ್ಟು, ಅಲ್ಲಿಂದ ಅಂಚಿನವರೆಗಿನ ದೂರವನ್ನು ಮೃಗಶಿರಾ ಮಳೆಗೆ ಮುಂಚೆ ಒಮ್ಮೆ, ದೀಪಾವಳಿಯ ನಂತರ ಒಮ್ಮೆ ಟೇಪಿನಿಂದ ಅಳೆದು ದಿನಾಂಕದೊಂದಿಗೆ ಬರೆದರೆ ದಿಬ್ಬ ವರ್ಷಕ್ಕೆ ಎಷ್ಟು ಸವೆಯುತ್ತಿದೆ ಎಂಬುದು ಮೂರ್ನಾಲ್ಕು ವರ್ಷಗಳಲ್ಲಿ ತಾನಾಗಿ ತಿಳಿಯುತ್ತದೆ. ದಂಡೆಯ ಕಡಿತಕ್ಕೆ ಅಳತೆಯ ಕೋಲನ್ನು ಒರಗಿಸಿ, ಬೆಳಗಿನ ಓರೆ ಬಿಸಿಲಿನಲ್ಲಿ, ಎದುರಿನಿಂದ ಫೋಟೋ ತೆಗೆದರೆ ಸ್ತರಗಳು ಸ್ಪಷ್ಟವಾಗಿ ಮೂಡುತ್ತವೆ. ಮೊಬೈಲಿನಲ್ಲಿ ಸ್ಥಳದ ಅಕ್ಷಾಂಶ, ರೇಖಾಂಶ ಸಿಗುವುದರಿಂದ ದುಬಾರಿ ಉಪಕರಣದ ಅಗತ್ಯವೂ ಇಲ್ಲ. ಚೂರುಗಳನ್ನು ಎತ್ತಿ ಮನೆಗೆ ಒಯ್ಯಬಾರದು. ಬಿದ್ದಲ್ಲಿಯೇ ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ಚಿತ್ರ ತೆಗೆದರೆ ಮಡಕೆಯ ಅಂಚಿನ ಆಕಾರದಿಂದಲೇ ತಜ್ಞರು ಕಾಲವನ್ನು ಅಂದಾಜಿಸಬಲ್ಲರು. ಕಡಿದಾದ ಅಂಚಿನ ಮೇಲೆ ನಿಲ್ಲಬಾರದು, ನೆರೆ ಇಳಿದ ವಾರದಲ್ಲಿ ದಂಡೆಯ ಬುಡಕ್ಕೆ ಮಕ್ಕಳನ್ನು ಕಳಿಸಲೇಬಾರದು.

ಕಾಗದಪತ್ರಗಳಲ್ಲಿಯೂ ಬೇಕಾದಷ್ಟು ಸುಳಿವಿದೆ. ನಿಜಾಮ್ ಕಾಲದಿಂದ ನಡೆದುಬಂದ ಕಂದಾಯ ದಾಖಲೆಗಳಲ್ಲಿ ಬೇಚರಾಕ್ ಎಂದು ಬರೆದಿರುವ ಗ್ರಾಮಗಳು, ಅಂದರೆ ಹೆಸರೂ ಸರ್ವೆ ನಂಬರುಗಳೂ ಇದ್ದು ದೀಪ ಹಚ್ಚುವ ಮನೆ ಒಂದೂ ಇಲ್ಲದ ಊರುಗಳು, ಸಮೀಕ್ಷೆಗೆ ಸಿದ್ಧವಾಗಿರುವ ಪಟ್ಟಿಯೇ ಸರಿ. ತಲಾಠಿ ಕಚೇರಿಯ ನಕಾಶೆಯಲ್ಲಿ ಅವುಗಳ ಗಾವಠಾಣ ಎಲ್ಲಿತ್ತು ಎಂದು ನೋಡಿ, ನದಿ ಈಗ ಎಲ್ಲಿದೆ ಎಂದು ಹೋಲಿಸಬಹುದು. ಅಮೆರಿಕದ ಬೇಹು ಉಪಗ್ರಹಗಳು 1960ರ ದಶಕದಲ್ಲಿ ತೆಗೆದು, 1995ರಲ್ಲಿ ಬಹಿರಂಗಗೊಳಿಸಿದ ಚಿತ್ರಗಳಲ್ಲಿ ಅಣೆಕಟ್ಟುಗಳಿಗೂ ಬ್ಯಾರೇಜುಗಳಿಗೂ ಮುಂಚಿನ ನದಿಪಾತ್ರಗಳು ದಾಖಲಾಗಿವೆ; ಈ ಹೋಲಿಕೆಯ ಕೆಲಸವನ್ನು ಬೀದರಿನ ಕಾಲೇಜುಗಳ ಇತಿಹಾಸ ಮತ್ತು ಭೂಗೋಳ ವಿಭಾಗಗಳ ವಿದ್ಯಾರ್ಥಿಗಳು ವಹಿಸಿಕೊಳ್ಳಬಹುದು. ಕಾಗದವೂ ಚಿತ್ರವೂ ಹೇಳದ್ದನ್ನು ಹಿರಿಯರು ಹೇಳಬಲ್ಲರು. ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯ ಬಳಿ ಕಾರಂಜಾ ಅಣೆಕಟ್ಟು ಎದ್ದಾಗ ಮನೆ, ಹೊಲ ಬಿಟ್ಟು ಎದ್ದ ಕುಟುಂಬಗಳಲ್ಲಿ ಮುಳುಗಿದ ಊರಿನ ಓಣಿ, ಬಾವಿ, ಗುಡಿಗಳನ್ನು ಕಂಡಿದ್ದ ತಲೆಮಾರು ಈಗ ಇಳಿವಯಸ್ಸಿನಲ್ಲಿದೆ. ಅವರ ಪರಿಹಾರದ ಹೋರಾಟ ಬೇರೆಯೇ ನ್ಯಾಯದ ಪ್ರಶ್ನೆ, ಅದು ತೀರಬೇಕು; ಅದರ ಜೊತೆಗೆ ಅವರ ನೆನಪಿನ ಊರಿನ ನಕಾಶೆಯೊಂದನ್ನು ಅವರ ಕೈಯಿಂದಲೇ ಬರೆಯಿಸಿಕೊಳ್ಳುವುದಕ್ಕೆ ಇನ್ನು ಹೆಚ್ಚು ಸಮಯವಿಲ್ಲ.

ನದಿಯ ಮೇಲೆಯೇ ಎಲ್ಲ ದೋಷ ಹೊರಿಸುವುದು ಸರಿಯಲ್ಲ. ದಿಬ್ಬದ ಬೂದಿ ಮಣ್ಣಿನಲ್ಲಿ ರಂಜಕದ ಅಂಶ ಹೆಚ್ಚಿರುವುದರಿಂದ ಅದನ್ನು ಹೊಲಕ್ಕೆ ಗೊಬ್ಬರವಾಗಿ ಹೊಡೆಯುವುದು, ನೀರು ಇಳಿಯದೆಂದು ಮಾಳಿಗೆ ಮನೆಗಳ ಮೇಲೆ ಹರಡುವುದು ಹಿಂದಿನಿಂದ ನಡೆದುಬಂದಿದೆ. ಬುಟ್ಟಿಯಲ್ಲಿ, ಬಂಡಿಯಲ್ಲಿ ಒಯ್ಯುತ್ತಿದ್ದ ಕಾಲದ ರೂಢಿ ಜೆಸಿಬಿಯ ಕಾಲಕ್ಕೆ ಸಲ್ಲದು. ಒಂದು ದಿನದಲ್ಲಿ ಅದು ತೆಗೆಯುವಷ್ಟು ಮಣ್ಣನ್ನು ನದಿ ಎಷ್ಟೋ ಮಳೆಗಾಲಗಳಲ್ಲಿಯೂ ಒಯ್ಯಲಾರದು. ಇಟ್ಟಿಗೆ ಭಟ್ಟಿಗೆ, ರಸ್ತೆಯ ಭರ್ತಿಗೆ, ಉದ್ಯೋಗ ಖಾತ್ರಿಯ ಕಾಮಗಾರಿಗೆ ಮಣ್ಣು ಎಲ್ಲಿಂದ ಬರುತ್ತದೆ ಎಂಬುದನ್ನು ನೋಡುವುದು ಪಂಚಾಯಿತಿಯ ಕೈಯಲ್ಲಿದೆ. ರಾತ್ರಿ ಹೊತ್ತು ಗುಡಿಯ ಪೀಠ ಅಗೆಯುವ ನಿಧಿಗಳ್ಳರನ್ನು ತಡೆಯುವುದೂ ಊರಿನ ಎಚ್ಚರವೇ, ದೂರದ ಇಲಾಖೆಯ ಕಾವಲುಗಾರನಲ್ಲ. ದಿಬ್ಬ ಹಳೆಯದೆಂದು ಬರೆಯಿಸಿದರೆ ಸರ್ಕಾರ ಹೊಲ ಕಿತ್ತುಕೊಳ್ಳುತ್ತದೆ ಎಂಬ ಭಯ ರೈತರಲ್ಲಿದೆ, ಆ ಭಯವನ್ನು ತಳ್ಳಿಹಾಕದೆ ಉತ್ತರ ಹೇಳಬೇಕು. ಸಮೀಕ್ಷೆಯ ದಾಖಲೆ ಪಹಣಿಯಲ್ಲಿನ ಹೆಸರನ್ನು ಬದಲಿಸುವುದಿಲ್ಲ. ಸ್ಮಾರಕದ ಸುತ್ತ 100 ಮೀಟರ್ ನಿಷೇಧ, ಅದರಾಚೆಗೆ 200 ಮೀಟರ್ ನಿರ್ಬಂಧ ಎಂಬ ಕೇಂದ್ರ ಕಾನೂನಿನ ಕಟ್ಟು ರಾಷ್ಟ್ರೀಯ ಮಹತ್ವದ್ದೆಂದು ಸರ್ಕಾರ ಪ್ರತ್ಯೇಕವಾಗಿ ಘೋಷಿಸಿದ ಸ್ಮಾರಕಗಳಿಗಷ್ಟೇ ಅನ್ವಯಿಸುತ್ತದೆ. ರಾಜ್ಯದ 1961ರ ಪ್ರಾಚೀನ ಸ್ಮಾರಕಗಳ ಅಧಿನಿಯಮದ ಅಡಿಯಲ್ಲಿಯೂ ರಕ್ಷಣೆ ಬರುವುದು ಅಧಿಸೂಚನೆಯಿಂದಲೇ ಹೊರತು ಬರೆದಿಟ್ಟ ಮಾತ್ರಕ್ಕೆ ಅಲ್ಲ.

ಆದ್ದರಿಂದ ಬರುವ ಗ್ರಾಮಸಭೆಯಲ್ಲಿ ಪ್ರತಿಯೊಂದು ದಂಡೆಯ ಪಂಚಾಯಿತಿಯೂ ತನ್ನ ವ್ಯಾಪ್ತಿಯ ಹಾಳೂರು, ಗಢಿ, ಹಳೆಯ ಗುಡಿ, ಗೋರಿ, ವೀರಗಲ್ಲುಗಳ ಪಟ್ಟಿಯೊಂದನ್ನು ಸರ್ವೆ ನಂಬರಿನ ಸಮೇತ ನಡಾವಳಿ ಪುಸ್ತಕದಲ್ಲಿ ಬರೆಯಿಸಿ, ಆ ದಿಬ್ಬಗಳಿಂದ ಮಣ್ಣು ಎತ್ತಬಾರದೆಂದು ಠರಾವು ಮಾಡಬೇಕೆಂದು ಕೋರಲಾಗಿದೆ. ದಂಡೆಗೆ ಅತಿ ಹತ್ತಿರದ ದಿಬ್ಬಕ್ಕೆ ಮೊದಲ ಗೂಟ ಬೀಳಲಿ, ಏಕೆಂದರೆ ಮೊದಲು ಹೋಗುವುದು ಅದೇ. ಅಳತೆಯ ವಹಿ ಪ್ರೌಢಶಾಲೆಯ ಸಮಾಜ ವಿಜ್ಞಾನ ಶಿಕ್ಷಕರ ಮೇಲ್ವಿಚಾರಣೆಯಲ್ಲಿ ನಡೆದರೆ ಒಳ್ಳೆಯದು. ಅದರ ಒಂದು ಪ್ರತಿ ಪಂಚಾಯಿತಿಯ ಗ್ರಂಥಾಲಯದಲ್ಲಿ ಯಾರು ಬೇಕಾದರೂ ತೆರೆದು ನೋಡುವಂತೆ ಇರಲಿ, ಇನ್ನೊಂದು ಬೀದರಿನ ಜಿಲ್ಲಾಧಿಕಾರಿಗಳ ಮೂಲಕ ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಹೋಗಲಿ, ಗಡಿಗೆ ಅಂಟಿದ ಊರುಗಳವರು ಮೂರನೆಯ ಪ್ರತಿಯನ್ನು ನದಿಯಾಚೆಯ ಪಂಚಾಯಿತಿಗೂ ಕಳಿಸಲಿ.